ಪದೇ ಪದೇ ಎರರ್ ಬಂದರೆ ಕೋಡಿಂಗ್ ನಮಗೆ ಬರುವುದಿಲ್ಲ ಎಂದರ್ಥವೇ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಕಂಪ್ಯೂಟರ್ ಕೋರ್ಸಿಗೆ ಸೇರಿದವರಿಂದ ನಾವು ಆಗಾಗ ಕೇಳುವ ಮಾತಿದು: "ಎರಡು ಸಾಲು ಬರೆದರೆ ನಾಲ್ಕು ಎರರ್. ಇದು ನಮ್ಮಂಥವರಿಗಲ್ಲ." ಕೆಲವರು ಕೋರ್ಸನ್ನೇ ಬಿಟ್ಟುಬಿಡುತ್ತಾರೆ. ಈ ನಂಬಿಕೆ ನಿಜವೇ?

ನಿಜವಲ್ಲ. ವರ್ಷಗಟ್ಟಲೆ ಅನುಭವ ಇದ್ದವರಿಗೂ ಎರರ್ ಬರುತ್ತದೆ. ತಪ್ಪು ತಡವಾಗಿ, ಅರ್ಥವಾಗದಂತೆ ತಿಳಿದಾಗ ಕಲಿಯುವವರು ಕೈಚೆಲ್ಲುತ್ತಾರೆ.

ರೊಟ್ಟಿ ಮತ್ತು ಭತ್ತ

ಜೋಳದ ರೊಟ್ಟಿ ಬಡಿಯುವಾಗ ಅಂಚು ಒಡೆದರೆ ಆಗಲೇ ಕಾಣುತ್ತದೆ. ಹಿಟ್ಟನ್ನು ಇನ್ನಷ್ಟು ನಾದಿ ಮತ್ತೆ ಬಡಿಯುತ್ತೇವೆ, ಕೈ ಪಳಗುತ್ತದೆ. ಗಂಗಾವತಿಯ ಭತ್ತದ ಗದ್ದೆಯಲ್ಲಿ ಹಾಗಲ್ಲ. ನಾಟಿ ಹೊತ್ತಿನ ತಪ್ಪು ತಿಂಗಳುಗಳ ನಂತರ ಇಳುವರಿಯಲ್ಲಿ ಗೊತ್ತಾಗುತ್ತದೆ.

ಕೋಡಿಂಗ್ ಒಂದು ಕಾಲಕ್ಕೆ ಭತ್ತದಂತಿತ್ತು. 1960ರ ದಶಕದಲ್ಲಿ ಪ್ರೋಗ್ರಾಮನ್ನು ತೂತು ಕೊರೆದ ಕಾರ್ಡುಗಳಲ್ಲಿ ಕೊಟ್ಟು ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೆ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಮತ್ತೆ ಸರದಿಯಲ್ಲಿ ನಿಲ್ಲಬೇಕು.

ಬದಲಾಗಿದ್ದು ಸಾಧನ

1967ರಲ್ಲಿ ಅಮೆರಿಕದಲ್ಲಿ ಸೆಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಲೋಗೋ ಭಾಷೆ ರೂಪಿಸಿದರು. ಮುಂದೆ ಅದಕ್ಕೊಂದು ಆಮೆ ಸೇರಿತು. 'ಮುಂದೆ 50, ಬಲಕ್ಕೆ 90' ಎಂದರೆ ಆಮೆ ತಕ್ಷಣ ಗೆರೆ ಎಳೆದು ತಿರುಗುತ್ತದೆ. ಚೌಕ ಸೊಟ್ಟಗಾದರೆ ಮಗುವಿಗೇ ಕಾಣುತ್ತದೆ. ಡಾ. ಯು.ಬಿ. ಪವನಜ ಅವರು ಲೋಗೋವನ್ನು ಕನ್ನಡಕ್ಕೂ ತಂದರು.

ಇಂದಿನ ಉದಾಹರಣೆ ಪೈಥಾನ್. ಆವರಣ ಚಿಹ್ನೆ ಮುಚ್ಚಲು ಮರೆತರೆ ಹಳೆಯ ಆವೃತ್ತಿಗಳು ಅನೇಕ ಸಲ ಸರಿಯಾಗಿರುವ ಮುಂದಿನ ಸಾಲನ್ನು ತೋರಿಸಿ 'ಸಿಂಟ್ಯಾಕ್ಸ್ ತಪ್ಪು' ಎನ್ನುತ್ತಿದ್ದವು. ವಿದ್ಯಾರ್ಥಿ ಸರಿ ಇದ್ದ ಸಾಲನ್ನೇ ತಿದ್ದುತ್ತ ಕೂರಬೇಕಿತ್ತು. 2021ರಲ್ಲಿ ಬಂದ 3.10 ಆವೃತ್ತಿ, ಆವರಣ ತೆರೆದ ಜಾಗವನ್ನೇ ತೋರಿಸಿ 'ಇದನ್ನು ಮುಚ್ಚಿಲ್ಲ' ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ವಿದ್ಯಾರ್ಥಿಯೂ ಅದೇ, ತಪ್ಪೂ ಅದೇ. ಹೇಳುವ ರೀತಿ ಮಾತ್ರ ಬದಲಾಗಿದೆ.

ಎರರ್ ಇಲ್ಲದಿದ್ದರೆ ಎಲ್ಲ ಸರಿಯೇ?

ಹಾಗೇನಿಲ್ಲ. ಎಕರೆಗೆ 40 ಗುಂಟೆ. ನೀವು 100 ಎಂದು ಬರೆದರೆ ಕೆಂಪು ಗೆರೆ ಬರುವುದಿಲ್ಲ, ಪ್ರೋಗ್ರಾಂ ನಿಲ್ಲುವುದೂ ಇಲ್ಲ. ತಪ್ಪು ಲೆಕ್ಕವನ್ನೇ ನಿಮ್ಮ ಮುಂದಿಡುತ್ತದೆ. ಬರವಣಿಗೆಯ ತಪ್ಪನ್ನು ಸಾಧನ ಹಿಡಿಯಬಹುದು. ಲೆಕ್ಕದ ತಿಳಿವಳಿಕೆ ನಮ್ಮದೇ ಆಗಿರಬೇಕು.

ನೀವೇನು ಮಾಡಬಹುದು?

• ಐವತ್ತು ಸಾಲು ಬರೆದು ಓಡಿಸಬೇಡಿ. ಎರಡು ಮೂರು ಸಾಲಿಗೊಮ್ಮೆ ಓಡಿಸಿ ನೋಡಿ.
• ಪೈಥಾನ್‌ನಲ್ಲಿ ಎರರ್ ಬಂದರೆ ಸಂದೇಶದ ಕೊನೆಯ ಸಾಲನ್ನು ಮೊದಲು ಓದಿ. ಏನಾಯಿತೆಂಬುದು ಅಲ್ಲಿರುತ್ತದೆ.
• ಒಂದು ಸಲಕ್ಕೆ ಒಂದನ್ನೇ ತಿದ್ದಿ.
• ಉತ್ತರ ಗೊತ್ತಿರುವ ಲೆಕ್ಕದಿಂದ ಪರೀಕ್ಷಿಸಿ. 2 ಎಕರೆಗೆ 80 ಗುಂಟೆ ಬಂತೇ?
• ಲ್ಯಾಬ್‌ನಲ್ಲಿ ಹಳೆಯ ಆವೃತ್ತಿ ಇದ್ದರೆ ಹೊಸದನ್ನು ಹಾಕಿಕೊಡಲು ಮೇಷ್ಟ್ರನ್ನು ಕೇಳಿ.

ಕೊನೆಯ ಮಾತು: ಎರರ್ ಎಂದರೆ ನಪಾಸಾದ ಅಂಕಪಟ್ಟಿಯಲ್ಲ, ಒಡೆದ ರೊಟ್ಟಿಯ ಅಂಚು. ನಿಮ್ಮ ಗುಂಪಿನಲ್ಲಿ ಯಾರಾದರೂ ಕೋರ್ಸ್ ಬಿಡುವ ಯೋಚನೆಯಲ್ಲಿದ್ದರೆ, ಅವರಿಗೆ ಇದನ್ನು ಕಳುಹಿಸಿ.