ತನ್ನ ತೂತು ತಾನೇ ಮುಚ್ಚುವ ಮಣ್ಣು

ಊರ್ಡಿಗೆರೆಯ ಹೆಸರಿನಲ್ಲೇ ಕೆರೆ ಇದೆ. ಆದರೆ ದೇವರಾಯನದುರ್ಗದ ಬೆಟ್ಟಗಳಿಗೆ ನೆರೆಯಾದ ಈ ಹೋಬಳಿಯ ಕೆಂಪು ನೆಲದಲ್ಲಿ ಹೊಂಡ ತೋಡುವುದು ಸುಲಭ, ನೀರು ನಿಲ್ಲಿಸುವುದು ಕಷ್ಟ. ಮರಳು ಬೆರೆತ ಕೆಂಪು ಮಣ್ಣು ಬಿದ್ದ ಮಳೆಯನ್ನು ಬೇಗ ಕುಡಿದುಬಿಡುತ್ತದೆ.

2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆ ಕೃಷಿಹೊಂಡದ ತಳಕ್ಕೆ ಪಾಲಿಥೀನ್ ಹಾಳೆ ಹಾಸಲು ನೆರವು ನೀಡಿತು. ಹಾಳೆ ಒಳ್ಳೆಯದೇ. ಆದರೆ ಕಲ್ಲು ಚುಚ್ಚಿದರೆ, ಇಲಿ ಕಡಿದರೆ, ದನದ ಗೊರಸು ತಾಗಿದರೆ ತೂತು. ಜಾರುವ ಹಾಳೆಯ ಮೇಲೆ ಹತ್ತಿ ಬರಲಾಗದೆ ಮಕ್ಕಳು ಮುಳುಗಿದ ಸುದ್ದಿಗಳನ್ನೂ ನಾವು ಓದಿದ್ದೇವೆ.

ಇದಕ್ಕೆ ಇನ್ನೊಂದು ದಾರಿ ಜೇಡಿ ಚಾಪೆ. ಎಂಜಿನಿಯರುಗಳ ಬಾಯಲ್ಲಿ ಇದು ಜಿಯೊಸಿಂಥೆಟಿಕ್ ಕ್ಲೇ ಲೈನರ್. ಎರಡು ಪದರ ಕೃತಕ ಬಟ್ಟೆಯ ನಡುವೆ ಬೆಂಟೊನೈಟ್ ಎಂಬ ಜೇಡಿಪುಡಿ ಹರಡಿ, ಸೂಜಿಯಿಂದ ಹೆಣೆದ ಸುರುಳಿ ಇದು. ಚದರ ಮೀಟರಿಗೆ ಸುಮಾರು ನಾಲ್ಕೈದು ಕಿಲೋ ಪುಡಿ. ದಪ್ಪ ಒಂದು ಸೆಂಟಿಮೀಟರಿನ ಆಸುಪಾಸು. ಅಗ್ನಿಪರ್ವತದ ಬೂದಿಯಿಂದ ಹುಟ್ಟಿದ ಈ ಮಣ್ಣು ನಮ್ಮ ದೇಶದಲ್ಲಿ ಕಚ್ಛ್ ಮತ್ತು ಬಾರ್ಮೇರ್‌ಗಳಲ್ಲಿ ದೊರೆಯುತ್ತದೆ. ನೀರು ತಾಗಿದೊಡನೆ ಹಲವು ಪಟ್ಟು ಉಬ್ಬಿ ಅಂಟಿನಂತಾಗುತ್ತದೆ. ಸಣ್ಣ ತೂತು ಬಿದ್ದರೆ ಸುತ್ತಲಿನ ಜೇಡಿಯೇ ಉಬ್ಬಿ ಅದನ್ನು ಮುಚ್ಚುತ್ತದೆ.

ಅಮೆರಿಕದಲ್ಲಿ 1980ರ ದಶಕದಲ್ಲಿ ಈ ಚಾಪೆ ಬಳಕೆಗೆ ಬಂದದ್ದು ಕಸ ಹೂಳುವ ಗುಂಡಿಗಳಿಗಾಗಿ. ಕೊಳೆತ ಕಸದ ರಸ ಅಂತರ್ಜಲಕ್ಕಿಳಿದರೆ ಏನಾದೀತೆಂಬ ಭಯ ನಮಗೂ ಹೊಸದಲ್ಲ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ನೀರು ಕೆಟ್ಟಿತೆಂದು ಪ್ರತಿಭಟಿಸಿದರು. 2012ರಲ್ಲಿ ಅಲ್ಲಿ ಸುರಿಯುವುದು ನಿಂತಿತು. ಇಂಥ ತಾಣಗಳ ತಳಕ್ಕೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ, ಅದರ ಕೆಳಗೆ 90 ಸೆಂಟಿಮೀಟರ್ ಜೇಡಿ ಇರಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಒಳ್ಳೆಯ ಜೇಡಿ ಸಿಗದ ಕಡೆ ತೆಳು ಚಾಪೆ ನೆರವಿಗೆ ಬರುತ್ತದೆ.

ಹಾಗೆಂದು ಇದು ಸರ್ವರೋಗಕ್ಕೆ ಮದ್ದಲ್ಲ. ಒಣಗಿದರೆ ಬಿರುಕು ಬಿಡುತ್ತದೆ. ಆದ್ದರಿಂದ ಪ್ರತಿ ಬೇಸಿಗೆಯಲ್ಲೂ ಬರಿದಾಗುವ ಹೊಂಡಕ್ಕೆ ತಕ್ಕದ್ದಲ್ಲ. ಗಡಸು ನೀರಿನ ಸುಣ್ಣದಂಶ ಉಬ್ಬುವ ಗುಣವನ್ನು ಕುಗ್ಗಿಸುತ್ತದೆ. ಕೊಳವೆಬಾವಿಯಿಂದ ಹೊಂಡ ತುಂಬಿಸುವವರು ಮೊದಲು ನೀರು ಪರೀಕ್ಷೆ ಮಾಡಿಸುವುದು ಮೇಲು. ಚಾಪೆ ಹಾಸಿದ ಕೂಡಲೇ, ಮಳೆ ತಾಗುವ ಮೊದಲೇ, ಮೇಲೆ ಒಂದಡಿಯಾದರೂ ಮಣ್ಣು ಮುಚ್ಚಬೇಕು. ಬೇಲಿಯಂತೂ ಯಾವ ಹೊಂಡಕ್ಕೂ ಬೇಕೇ ಬೇಕು. ನೀರಿಂಗಿಸಲೆಂದೇ ತೋಡಿದ ಗುಂಡಿಗೆ ಮಾತ್ರ ಯಾವ ಚಾಪೆಯೂ ಬೇಡ.

ಹಳೆಯ ಕೆರೆಗಳ ತಳದಲ್ಲಿ ಇಂಥದೇ ಜೇಡಿ ಹಾಸು ತಾನಾಗಿ ಕೂತಿರುತ್ತದೆ. ಹೂಳೆತ್ತುವ ಭರದಲ್ಲಿ ಜೆಸಿಬಿ ಅದನ್ನೂ ಕೆರೆದು ಹಾಕಿದರೆ ಕೆರೆ ಸೋರತೊಡಗುತ್ತದೆ. ಹಣ ಕೊಟ್ಟು ಚಾಪೆ ತರುವ ಮುನ್ನ, ಪುಕ್ಕಟೆ ಸಿಕ್ಕಿರುವ ಈ ಹಾಸನ್ನು ಊರಿನವರು ನಿಂತು ಕಾಯಬೇಕು.