ಚಳಿಗಾಲದಲ್ಲಿ ಎಂಜಿನ್ನಿನ ಆರೈಕೆ: ಅತಿ ತಂಪೂ ಕೇಡೇ

ಎಂಜಿನ್ ಕಾಯುವುದು ಕೆಟ್ಟದ್ದು, ತಣ್ಣಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮ ರೈತರಲ್ಲಿ ಬೇರೂರಿದೆ. ಬೇಸಿಗೆಯ ಉಳುಮೆಯಲ್ಲಿ ರೇಡಿಯೇಟರ್ ಕುದಿದು ಕೆಲಸ ನಿಂತ ಅನುಭವ ಅನೇಕರಿಗಿರುವುದರಿಂದ ಈ ಭಯ ಸಹಜವೇ. ಆದರೆ ಎಂಜಿನ್ ಸಾಕಷ್ಟು ಬಿಸಿಯಾಗದಿರುವುದೂ ಒಂದು ರೋಗ. ಅತಿಯಾಗಿ ಕಾದ ಎಂಜಿನ್ ಆವಿ ಬಿಟ್ಟು ತನ್ನ ತೊಂದರೆಯನ್ನು ತಾನೇ ಸಾರುತ್ತದೆ. ತಣ್ಣಗೆ ಓಡುವ ಎಂಜಿನ್ ಸದ್ದಿಲ್ಲದೆ ಹೆಚ್ಚು ಡೀಸೆಲ್ ಕುಡಿಯುತ್ತದೆ. ಲೈನರ್, ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ.

ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೀದರ, ವಿಜಯಪುರದಂತಹ ಬಯಲುಸೀಮೆಯಲ್ಲೂ ಕೊಡಗು, ಚಿಕ್ಕಮಗಳೂರಿನ ಗುಡ್ಡನಾಡಿನಲ್ಲೂ ಬೆಳಗಿನ ಉಷ್ಣತೆ ಕೆಲವು ದಿನ 10 ಡಿಗ್ರಿ ಸೆಂ.ಗಿಂತ ಕೆಳಗಿಳಿಯುವುದುಂಟು. ಕಬ್ಬಿನ ಸಾಗಣೆ, ಭತ್ತದ ಒಕ್ಕಣೆ, ಹಿಂಗಾರಿ ಬೆಳೆಗೆ ನೀರು ಹಾಯಿಸುವುದು ಎಲ್ಲವೂ ಆಗಲೇ. ಆದ್ದರಿಂದ ಚಳಿಯಲ್ಲಿ ಎಂಜಿನ್ನನ್ನು ನಡೆಸುವ ಕ್ರಮವನ್ನು ತಿಳಿದಿರುವುದು ಅಗತ್ಯ.

ಚಳಿಯಲ್ಲಿ ಎಂಜಿನ್ ಏಕೆ ಹಟ ಹಿಡಿಯುತ್ತದೆ?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನೇಳು, ಹದಿನೆಂಟನೆಯ ಒಂದು ಪಾಲಿಗೆ ಒತ್ತಿದಾಗ ಗಾಳಿ 500 ಡಿಗ್ರಿ ಸೆಂ.ಗೂ ಮೇಲೆ ಕಾಯುತ್ತದೆ. ಅದರಲ್ಲಿ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಚಳಿಯ ಬೆಳಿಗ್ಗೆ ಒಳಬರುವ ಗಾಳಿಯೂ ತಣ್ಣಗೆ, ಸಿಲಿಂಡರಿನ ಗೋಡೆಯೂ ತಣ್ಣಗೆ. ಒತ್ತಡದಿಂದ ಹುಟ್ಟಿದ ಶಾಖವನ್ನು ಗೋಡೆಯೇ ಹೀರಿಕೊಳ್ಳುತ್ತದೆ. ಇತ್ತ ಎಣ್ಣೆ ಮಂದವಾಗಿರುತ್ತದೆ, ಬ್ಯಾಟರಿಯ ಶಕ್ತಿ ಕುಂದಿರುತ್ತದೆ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಶಾಖ ಸೋರಿಹೋಗಲು ಹೆಚ್ಚು ಸಮಯ ಸಿಗುತ್ತದೆ. ಉರಿಯದ ಡೀಸೆಲ್ ಬಿಳಿಹೊಗೆಯಾಗಿ ಹೊರಬೀಳುತ್ತದೆ.

ಚಾಲೂ ಮಾಡುವ ಕ್ರಮ

1. ಹಿಂದಿನ ಸಂಜೆಯೇ ಬ್ಯಾಟರಿಯ ತುದಿಗಳನ್ನು ಬಿಸಿನೀರಿನಿಂದ ತೊಳೆದು, ಬಿಗಿ ಮಾಡಿ, ಗ್ರೀಸ್ ಸವರಿಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ದ್ರಾವಣದ ಸಾಪೇಕ್ಷ ಸಾಂದ್ರತೆ ಸುಮಾರು 1.26ರಿಂದ 1.28 ಇರಬೇಕು.

2. ಕ್ಲಚ್ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ. ಗೇರ್ ಪೆಟ್ಟಿಗೆಯ ಮಂದ ಎಣ್ಣೆಯನ್ನು ಕಡೆಯುವ ಹೊರೆ ತಪ್ಪುತ್ತದೆ.

3. ಹೀಟರ್ ಪ್ಲಗ್ ಇದ್ದಲ್ಲಿ ಅದನ್ನು ಕೈಪಿಡಿಯಲ್ಲಿ ಹೇಳಿದಷ್ಟು ಸೆಕೆಂಡು ಕಾಯಿಸಿ. ಸ್ಟಾರ್ಟರನ್ನು ಒಮ್ಮೆಗೆ 10–15 ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ಮತ್ತೆ ಯತ್ನಿಸುವ ಮುನ್ನ ಅರ್ಧ ನಿಮಿಷವಾದರೂ ಬಿಡುವು ಕೊಡಿ.

4. ಎಂಜಿನ್ ಬಹಳ ಹಟ ಮಾಡಿದರೆ ರೇಡಿಯೇಟರಿಗೆ ಬೆಚ್ಚನೆಯ ನೀರು ತುಂಬಬಹುದು. ಕುದಿಯುವ ನೀರು ಬೇಡ. ತಣ್ಣನೆಯ ಎರಕದ ಬ್ಲಾಕ್ ಬಿರುಕು ಬಿಟ್ಟೀತು.

ಎಣ್ಣೆಯ ತಟ್ಟೆಯ ಕೆಳಗೆ ಬೆಂಕಿ ಹಾಕುವುದು, ಗಾಳಿ ಎಳೆಯುವ ಕೊಳವೆಯ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವುದು ಕೆಲವೆಡೆ ರೂಢಿಯಲ್ಲಿದೆ. ಇದು ಅಪಾಯಕರ. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಸಿಂಪಡಿಸುವುದಂತೂ ಸ್ಫೋಟಕ್ಕೆ ದಾರಿ.

ಕಾಯಿಸುವುದು ಹೇಗೆ?

ಚಾಲೂ ಆದ ಕೂಡಲೆ ವೇಗ ಏರಿಸಬಾರದು. ಮಂದವಾದ ಎಣ್ಣೆ ಎಲ್ಲ ಬೇರಿಂಗುಗಳನ್ನು ಮುಟ್ಟಲು ಸಮಯ ಬೇಕು. ಎಣ್ಣೆಯ ಒತ್ತಡದ ದೀಪ ಆರಿರುವುದನ್ನು ನೋಡಿ, ಎರಡು-ಮೂರು ನಿಮಿಷ ನಿಧಾನಗತಿಯಲ್ಲಿ ಬಿಟ್ಟು, ಅನಂತರ ಹಗುರ ಹೊರೆಯಲ್ಲಿ ಹೊರಡಿ. ಅರ್ಧ ಗಂಟೆ ಅಂಗಳದಲ್ಲೇ ಗುಡುಗಿಸುವುದು ಪ್ರಯೋಜನವಿಲ್ಲದ ಕೆಲಸ. ಹೊರೆಯಿಲ್ಲದೆ ಎಂಜಿನ್ ಬೇಗ ಕಾಯುವುದಿಲ್ಲ. ಗದ್ದೆಯವರೆಗೆ ಖಾಲಿ ನಡೆಸಿಕೊಂಡು ಹೋಗುವುದೇ ಅದನ್ನು ಕಾಯಿಸುವ ಉತ್ತಮ ವಿಧಾನ. ಮುಳ್ಳು ಹಸಿರು ಭಾಗಕ್ಕೆ ಬಂದ ಮೇಲೆ ಪೂರ್ಣ ಹೊರೆ ಕೊಡಿ.

ಥರ್ಮೋಸ್ಟ್ಯಾಟ್: ಕಿತ್ತು ಬಿಸಾಡುವ ವಸ್ತುವಲ್ಲ

ಟ್ರ್ಯಾಕ್ಟರ್ ಎಂಜಿನ್ನಿನ ನೀರು ಕೆಲಸದ ವೇಳೆ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಂ. ಇರಬೇಕು. ಇದನ್ನು ಕಾಯ್ದುಕೊಳ್ಳುವ ಬಾಗಿಲೇ ಥರ್ಮೋಸ್ಟ್ಯಾಟ್. ಅದರ ಪುಟ್ಟ ಡಬ್ಬಿಯೊಳಗೆ ಮೇಣವಿದೆ. ಎಂಜಿನ್ ತಣ್ಣಗಿದ್ದಾಗ ಬಾಗಿಲು ಮುಚ್ಚಿರುತ್ತದೆ. ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ನೀರು ನಿಗದಿತ ಮಟ್ಟಕ್ಕೆ ಕಾದಾಗ ಮೇಣ ಕರಗಿ, ಹಿಗ್ಗಿ ಬಾಗಿಲನ್ನು ತಳ್ಳುತ್ತದೆ.

ಬೇಸಿಗೆಯಲ್ಲಿ ಎಂಜಿನ್ ಕಾದಾಗ ಇದನ್ನು ಕಿತ್ತುಹಾಕಿ "ಈಗ ಸರಿಹೋಯಿತು" ಎನ್ನುವ ಮೆಕ್ಯಾನಿಕ್‌ಗಳು ಬಹಳ. ನಿಜವಾದ ಕಾರಣ ರೇಡಿಯೇಟರಿನ ಕಸ, ಸಡಿಲ ಬೆಲ್ಟು ಅಥವಾ ಸವೆದ ನೀರಿನ ಪಂಪು ಇರಬಹುದು. ಅದು ಹಾಗೆಯೇ ಉಳಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆಗೆದರೆ ಒಳದಾರಿ ಸದಾ ತೆರೆದೇ ಇದ್ದು, ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ ಇನ್ನೂ ಹೆಚ್ಚು ಕಾಯುವುದೂ ಉಂಟು.

ಚಳಿಗಾಲದಲ್ಲಿ ಇದರ ದಂಡ ತೆರಬೇಕಾಗುತ್ತದೆ. 1 ಲೀಟರ್ ಡೀಸೆಲ್ ಉರಿದಾಗ ಸುಮಾರು 1 ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಎಂಜಿನ್ ಬಿಸಿಯಿದ್ದರೆ ಅದು ಹೊಗೆಯೊಂದಿಗೆ ಹೋಗುತ್ತದೆ. ತಣ್ಣಗಿದ್ದರೆ ಅದರ ಒಂದಂಶ ಗೋಡೆಯ ಮೇಲೆ ಹನಿಗಟ್ಟುತ್ತದೆ. ಉರಿಯದ ಡೀಸೆಲ್ ಲೈನರಿನ ಎಣ್ಣೆಯ ಪದರವನ್ನು ತೊಳೆದು ಕೆಳಗಿಳಿಯುತ್ತದೆ. ಎಣ್ಣೆ ತೆಳುವಾಗಿ, ನೀರಿನೊಂದಿಗೆ ಸೇರಿ ಕೆಸರಾಗುತ್ತದೆ. ಏಪ್ರಿಲ್ 2020ರಿಂದ ದೇಶದಲ್ಲಿ ಮಾರುವ ಡೀಸೆಲಿನಲ್ಲಿ ಗಂಧಕದ ಅಂಶ ಬಹಳ ಇಳಿದಿರುವುದರಿಂದ ಆಮ್ಲದ ಕೊರೆತ ಮೊದಲಿಗಿಂತ ಕಡಿಮೆ. ಆದರೆ ನೀರು ಮತ್ತು ಡೀಸೆಲಿನ ಕಾಟ ತಪ್ಪಿಲ್ಲ.

ಲೆಕ್ಕ ಹಾಕಿ ನೋಡಿ. ತಣ್ಣಗೆ ಓಡುವ ಟ್ರ್ಯಾಕ್ಟರ್ ಗಂಟೆಗೆ ಕೇವಲ ಕಾಲು ಲೀಟರ್ ಹೆಚ್ಚು ಡೀಸೆಲ್ ಕುಡಿದರೂ, ವರ್ಷಕ್ಕೆ 600 ಗಂಟೆ ದುಡಿಮೆಯಲ್ಲಿ 150 ಲೀಟರ್ ವ್ಯರ್ಥ. ಅವಧಿಗೆ ಮುನ್ನ ಲೈನರ್, ರಿಂಗ್ ಬದಲಿಸುವ ಖರ್ಚು ಬೇರೆ. ಹೊಸ ಥರ್ಮೋಸ್ಟ್ಯಾಟಿನ ಬೆಲೆ ಇದರ ಮುಂದೆ ಏನೇನೂ ಅಲ್ಲ.

ಮನೆಯಲ್ಲೇ ಪರೀಕ್ಷೆ

ತಣ್ಣಗಿನ ಎಂಜಿನ್ ಚಾಲೂ ಮಾಡಿ, ಫ್ಯಾನಿನಿಂದ ಕೈ ದೂರವಿಟ್ಟು, ರೇಡಿಯೇಟರಿನ ಮೇಲಿನ ರಬ್ಬರ್ ಕೊಳವೆಯನ್ನು ಆಗಾಗ ಮುಟ್ಟಿ ನೋಡಿ. ಮೊದಲ ಕೆಲವು ನಿಮಿಷ ತಣ್ಣಗಿದ್ದು ಅನಂತರ ಬೇಗನೆ ಬಿಸಿಯಾದರೆ ಥರ್ಮೋಸ್ಟ್ಯಾಟ್ ಸರಿಯಿದೆ. ಆರಂಭದಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಬಂದರೆ ಅದು ತೆರೆದೇ ಸಿಕ್ಕಿಕೊಂಡಿದೆ, ಇಲ್ಲವೇ ಅಲ್ಲಿಲ್ಲ. ಮುಳ್ಳು ಬಿಸಿಯ ಗುರುತು ದಾಟಿದರೂ ಕೊಳವೆ ತಣ್ಣಗೇ ಇದ್ದರೆ ಅದು ಮುಚ್ಚಿ ಸಿಕ್ಕಿಕೊಂಡಿರಬಹುದು; ಕೂಡಲೆ ಎಂಜಿನ್ ನಿಲ್ಲಿಸಿ.

ಬಿಚ್ಚಿ ತೆಗೆದ ಥರ್ಮೋಸ್ಟ್ಯಾಟನ್ನು ದಾರದಿಂದ ಕಟ್ಟಿ, ತಳಕ್ಕೆ ತಾಗದಂತೆ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ. ತೆರೆಯಬೇಕಾದ ಉಷ್ಣತೆಯನ್ನು ಅದರ ಮೇಲೇ ಸಾಮಾನ್ಯವಾಗಿ ಒತ್ತಿರುತ್ತಾರೆ. ಥರ್ಮಾಮೀಟರ್ ಆ ಅಂಕಿಯ ಆಸುಪಾಸಿಗೆ ಬಂದಾಗ ಬಾಗಿಲು ತೆರೆಯತೊಡಗಬೇಕು. ತಣಿದಾಗ ಪೂರ್ತಿ ಮುಚ್ಚಬೇಕು.

ಮುಳ್ಳು ತಣ್ಣಗೆ ತೋರಿಸಿತೆಂದು ನೆಮ್ಮದಿಯಿಂದ ಇರಬಾರದು. ನೀರಿನ ಮಟ್ಟ ಇಳಿದು ಅಳೆಯುವ ಮೊನೆ ನೀರಿನಿಂದ ಹೊರಗುಳಿದರೂ ಮುಳ್ಳು ಏರುವುದಿಲ್ಲ. ಎಂಜಿನ್ ಮಾತ್ರ ಒಳಗೇ ಬೇಯುತ್ತಿರುತ್ತದೆ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ನೀರು ನೋಡಿ. ಬಿಸಿ ಎಂಜಿನ್ನಿನ ಮುಚ್ಚಳ ಎಂದೂ ತೆರೆಯಬೇಡಿ.

ಕೂಲೆಂಟ್ ಬೇಕೇ?

ನಮ್ಮಲ್ಲಿ ರೇಡಿಯೇಟರ್ ಹೆಪ್ಪುಗಟ್ಟುವ ಭಯವಿಲ್ಲ. ಆದರೂ ಕೂಲೆಂಟ್ ಹಾಕುವುದು ಲೇಸು. ಅದು ತುಕ್ಕನ್ನು ತಡೆಯುತ್ತದೆ, ಕುದಿಯುವ ಮಟ್ಟವನ್ನು ಏರಿಸುತ್ತದೆ. ಕೊಳವೆಬಾವಿಯ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುವುದರಿಂದ, ತಯಾರಕರು ಹೇಳಿದ ಪ್ರಮಾಣದಲ್ಲಿ ಬಟ್ಟಿ ಇಳಿಸಿದ ನೀರಿನೊಂದಿಗೆ ಬೆರೆಸಿ. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳು, ದನಕರು, ನಾಯಿಗಳಿಗೆ ಸಿಗದಂತೆ ಜೋಪಾನ ಮಾಡಿ, ಚೆಲ್ಲಿದ್ದನ್ನು ಒರೆಸಿ.

ಪಂಪ್‌ಸೆಟ್ಟಿಗೆ ವರ್ಷವಿಡೀ ಚಳಿಗಾಲ

ನೀರೆತ್ತುವ ಡೀಸೆಲ್ ಪಂಪ್‌ಸೆಟ್ಟುಗಳಲ್ಲಿ ಪಂಪಿನ ನೀರನ್ನೇ ನೇರವಾಗಿ ಎಂಜಿನ್ನಿಗೆ ಹಾಯಿಸಿ ಹೊರಬಿಡುವುದು ರೂಢಿ. ಬಾವಿಯ ನೀರು ಬೇಸಿಗೆಯಲ್ಲೂ ಎಂಜಿನ್ನಿಗೆ ಬೇಕಾದ ಬಿಸಿಗಿಂತ ಬಹಳ ತಂಪು. ಹೊರಬರುವ ನೀರು ತಣ್ಣಗಿದ್ದರೆ "ಎಂಜಿನ್ ಚೆನ್ನಾಗಿದೆ" ಎಂದು ಸಂತೋಷಪಡುವವರುಂಟು. ನಿಜಕ್ಕೂ ಅಲ್ಲಿ ಡೀಸೆಲಿನ ಶಾಖ ಕಾಲುವೆ ಪಾಲಾಗುತ್ತಿದೆ. ಒಳಹೋಗುವ ನೀರಿಗೆ ಒಂದು ಕವಾಟ ಹಾಕಿ, ಹೊರಬರುವ ನೀರು ಕೈಗೆ ಚೆನ್ನಾಗಿ ಬಿಸಿ ತಾಗುವಂತೆ ಹರಿವನ್ನು ತಗ್ಗಿಸಿ, ಪೂರ್ತಿ ಮುಚ್ಚಬೇಡಿ. ಇದಕ್ಕಿಂತಲೂ ಒಳ್ಳೆಯದು ಡ್ರಮ್ಮಿನ ವ್ಯವಸ್ಥೆ. ಬಿಸಿನೀರು ತಾನಾಗಿ ಮೇಲೇರಿ ಡ್ರಮ್ಮಿಗೆ ಬಂದು, ತಣಿದ ನೀರು ಕೆಳಗಿನಿಂದ ಎಂಜಿನ್ನಿಗೆ ಮರಳುತ್ತದೆ. ಮೇಲಿನ ಕೊಳವೆಯ ಬಾಯಿ ಸದಾ ನೀರಿನಲ್ಲಿ ಮುಳುಗಿರಬೇಕು.

ಮನೆಗೆ ತಂದ ಎತ್ತನ್ನು ಬೆಳಿಗ್ಗೆ ಎದ್ದ ಕೂಡಲೆ ಓಡಿಸಿ ನೊಗಕ್ಕೆ ಹೂಡುವ ರೈತನಿಲ್ಲ. ಅಷ್ಟೇ ತಾಳ್ಮೆಯನ್ನು ಎಂಜಿನ್ನಿಗೂ ತೋರಿಸೋಣ. ಈ ಚಳಿಗಾಲ ಕಳೆಯುವುದರೊಳಗೆ ನಿಮ್ಮ ಟ್ರ್ಯಾಕ್ಟರಿನಲ್ಲಿ ಥರ್ಮೋಸ್ಟ್ಯಾಟ್ ಇದೆಯೇ ಎಂದು ಒಮ್ಮೆ ನೋಡಿ, ಇಲ್ಲದಿದ್ದರೆ ಹಾಕಿಸಿ.