ಕಿಕ್‌ಡೌನ್ ಲಿಂಕೇಜ್

ಕಿಕ್‌ಡೌನ್ ಲಿಂಕೇಜ್ ಎಂಬುದು ಹಳೆಯ ಸ್ವಯಂಚಾಲಿತ ಗೇರ್‌ಬಾಕ್ಸ್‌ಗಳಲ್ಲಿ ಇಂಜಿನ್ನಿನ ಥ್ರಾಟಲನ್ನು ಗೇರ್‌ಬಾಕ್ಸಿನೊಳಗಿನ ಕವಾಟಕ್ಕೆ ಜೋಡಿಸುವ ಸರಳು ಅಥವಾ ಕೇಬಲ್. ಚಾಲಕನು ಆಕ್ಸಿಲರೇಟರ್ ಪೆಡಲನ್ನು ಪೂರ್ತಿಯಾಗಿ ತುಳಿದಾಗ ಗೇರನ್ನು ಒಂದು ಹಂತ ಇಳಿಸಿ ವಾಹನಕ್ಕೆ ಹೆಚ್ಚಿನ ಎಳೆತ ಒದಗಿಸುವುದು ಇದರ ಮುಖ್ಯ ಕೆಲಸ. ಹೀಗೆ ಗೇರ್ ಇಳಿಯುವುದನ್ನು ಕಿಕ್‌ಡೌನ್ ಎನ್ನುತ್ತಾರೆ. ಕೆಲವು ಮಾದರಿಗಳಲ್ಲಿ ಇದೇ ಲಿಂಕೇಜ್ ಗೇರ್ ಏರುವ ವೇಗವನ್ನೂ ಕ್ಲಚ್ಚುಗಳನ್ನು ಒತ್ತಿಹಿಡಿಯುವ ತೈಲದ ಒತ್ತಡವನ್ನೂ ನಿರ್ಧರಿಸುತ್ತದೆ. ಆದ್ದರಿಂದ ಇದರ ಹೊಂದಾಣಿಕೆ ತಪ್ಪಿದರೆ ಸುಸ್ಥಿತಿಯಲ್ಲಿರುವ ಗೇರ್‌ಬಾಕ್ಸ್ ಕೂಡ ಸವೆದುಹೋದಂತೆ ವರ್ತಿಸುತ್ತದೆ. ಕೆಲವು ಮಾದರಿಗಳಲ್ಲಿ ನಿಜವಾಗಿಯೇ ಹಾಳಾಗುತ್ತದೆ.

ಹಿನ್ನೆಲೆ

ಭಾರೀ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಸ್ವಯಂಚಾಲಿತ ಗೇರ್‌ಬಾಕ್ಸ್ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್. ಇದನ್ನು 1939ರಲ್ಲಿ ಪ್ರಕಟಿಸಿ, 1940ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಅಳವಡಿಸಲಾಯಿತು. ಭಾರತದಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಗೇರನ್ನು ಚಾಲಕನೇ ಕೈಯಿಂದ ಬದಲಿಸಬೇಕಿತ್ತು. ಏರು ಬಂದಾಗ ಆ ಚಾಲಕನು ಕ್ಲಚ್ ಒತ್ತಿ ಗೇರ್ ಇಳಿಸುತ್ತಿದ್ದ ಕೆಲಸವನ್ನೇ ಸ್ವಯಂಚಾಲಿತ ಕಾರಿನಲ್ಲಿ ಕಿಕ್‌ಡೌನ್ ವ್ಯವಸ್ಥೆ ಮಾಡುತ್ತದೆ.

ಕಾರ್ಯವಿಧಾನ

ಹಳೆಯ ಗೇರ್‌ಬಾಕ್ಸಿನಲ್ಲಿ ಕಂಪ್ಯೂಟರ್ ಇಲ್ಲ. ಗೇರ್ ಬದಲಾವಣೆಯ ತೀರ್ಮಾನವು ಎರಡು ತೈಲ ಒತ್ತಡಗಳ ಪೈಪೋಟಿಯಿಂದ ಆಗುತ್ತದೆ. ಗವರ್ನರ್ ಎಂಬ ಭಾಗವು ವಾಹನದ ವೇಗ ಹೆಚ್ಚಿದಂತೆ ಒತ್ತಡವನ್ನು ಹೆಚ್ಚಿಸಿ ಗೇರನ್ನು ಮೇಲೇರಿಸಲು ತಳ್ಳುತ್ತದೆ. ಥ್ರಾಟಲ್ ಒತ್ತಡವು ಸ್ಪ್ರಿಂಗಿನೊಡನೆ ಸೇರಿ ಅದನ್ನು ತಡೆಹಿಡಿಯುತ್ತದೆ. ಪೆಡಲನ್ನು ಮೆಲ್ಲಗೆ ಒತ್ತಿದರೆ ತಡೆ ಕಡಿಮೆಯಾಗಿ ಕಡಿಮೆ ವೇಗದಲ್ಲೇ ಗೇರ್ ಏರುತ್ತದೆ. ಬಲವಾಗಿ ಒತ್ತಿದರೆ ತಡವಾಗಿ ಏರುತ್ತದೆ.

ಪೆಡಲ್ ನೆಲ ಮುಟ್ಟುವಷ್ಟು ಒತ್ತಿದಾಗ ಲಿಂಕೇಜ್ ಕಿಕ್‌ಡೌನ್ ಕವಾಟವನ್ನು ತೆರೆಯುತ್ತದೆ. ಆಗ ಹೆಚ್ಚಿನ ಒತ್ತಡದ ತೈಲವು ಗೇರ್ ಬದಲಿಸುವ ಕವಾಟವನ್ನು ಹಿಂದಕ್ಕೆ ತಳ್ಳಿ, ಮೂರನೆಯ ಗೇರಿನಿಂದ ಎರಡನೆಯದಕ್ಕೆ, ವೇಗ ಇನ್ನೂ ಕಡಿಮೆಯಿದ್ದರೆ ಮೊದಲನೆಯದಕ್ಕೆ ಇಳಿಸುತ್ತದೆ. ಒಂದು ಮಿತಿಗಿಂತ ಹೆಚ್ಚಿನ ವೇಗದಲ್ಲಿ ಗವರ್ನರ್ ಒತ್ತಡವೇ ಮೇಲುಗೈ ಪಡೆಯುವುದರಿಂದ ಕಿಕ್‌ಡೌನ್ ಆಗುವುದಿಲ್ಲ. ಇಂಜಿನ್ ಅತಿವೇಗದಲ್ಲಿ ತಿರುಗದಂತೆ ಇದು ಕಾಪಾಡುತ್ತದೆ.

ಮಾದರಿಗಳಲ್ಲಿನ ವ್ಯತ್ಯಾಸ

ಲಿಂಕೇಜಿನ ಹೊಣೆ ಎಲ್ಲ ಗೇರ್‌ಬಾಕ್ಸ್‌ಗಳಲ್ಲೂ ಒಂದೇ ಅಲ್ಲ. ಜನರಲ್ ಮೋಟಾರ್ಸ್‌ನ ಟರ್ಬೊ ಹೈಡ್ರಾಮ್ಯಾಟಿಕ್ 350ರಲ್ಲಿ ಕೇಬಲ್ ಕಿಕ್‌ಡೌನಿಗೆ ಮಾತ್ರ ಸಂಬಂಧಿಸಿದ್ದು, ಉಳಿದ ನಿಯಂತ್ರಣವನ್ನು ಇಂಜಿನ್ನಿನ ನಿರ್ವಾತದಿಂದ ನಡೆಯುವ ಮಾಡ್ಯುಲೇಟರ್ ನೋಡಿಕೊಳ್ಳುತ್ತದೆ. ಫೋರ್ಡ್ ಸಿ4 ಮತ್ತು ಸಿ6ಗಳಲ್ಲಿಯೂ ನಿರ್ವಾತ ಮಾಡ್ಯುಲೇಟರಿನ ಜೊತೆಗೆ ಕಿಕ್‌ಡೌನ್ ಸರಳು ಇರುತ್ತದೆ. ಟರ್ಬೊ ಹೈಡ್ರಾಮ್ಯಾಟಿಕ್ 400ರಲ್ಲಿ ಸರಳಿನ ಬದಲು ವಿದ್ಯುತ್ ಸ್ವಿಚ್ ಇದೆ. ಈ ಮಾದರಿಗಳಲ್ಲಿ ಕಿಕ್‌ಡೌನ್ ಜೋಡಣೆ ಕಳಚಿದರೆ ಗೇರ್ ಇಳಿಯುವುದಿಲ್ಲ, ಅಷ್ಟೇ.

ಕ್ರೈಸ್ಲರ್ ಟಾರ್ಕ್‌ಫ್ಲೈಟ್, ಜನರಲ್ ಮೋಟಾರ್ಸ್ 700ಆರ್4 ಮತ್ತು ಫೋರ್ಡ್ ಎಒಡಿ ಮಾದರಿಗಳ ಸ್ಥಿತಿ ಬೇರೆ. ಇವುಗಳಲ್ಲಿ ಥ್ರಾಟಲ್ ಲಿಂಕೇಜ್ ಕ್ಲಚ್ಚುಗಳ ಮೇಲಿನ ಒತ್ತಡವನ್ನೂ ನಿಯಂತ್ರಿಸುತ್ತದೆ. ಅದು ಕಳಚಿದ ಸ್ಥಿತಿಯಲ್ಲಿ ವಾಹನ ಓಡಿಸಿದರೆ ಇಂಜಿನ್ ಪೂರ್ಣ ಬಲ ನೀಡುತ್ತಿದ್ದರೂ ಕ್ಲಚ್ಚುಗಳು ಸಡಿಲವಾಗಿಯೇ ಹಿಡಿದಿರುತ್ತವೆ. ಅವು ಜಾರಿ, ಕಾದು, ಅಲ್ಪ ಕಾಲದಲ್ಲಿಯೇ ಸುಟ್ಟುಹೋಗಬಹುದು.

ಹಾಸನ ಜಿಲ್ಲೆಯ ರಸ್ತೆಗಳ ಉದಾಹರಣೆ

ಕಿಕ್‌ಡೌನಿನ ಉಪಯೋಗ ಮತ್ತು ಮಿತಿಗಳನ್ನು ಹಾಸನ ಜಿಲ್ಲೆಯ ರಸ್ತೆಗಳಿಂದ ತಿಳಿಯಬಹುದು. ಹಿಂದೆ ರಾಷ್ಟ್ರೀಯ ಹೆದ್ದಾರಿ 48 ಎನಿಸಿದ್ದ ಈಗಿನ ಹೆದ್ದಾರಿ 75 ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳನ್ನು ಹಾದು ಶಿರಾಡಿ ಘಾಟಿಯಲ್ಲಿ ಇಳಿಯುತ್ತದೆ. ಹೊಳೆನರಸೀಪುರ ಮತ್ತು ಅರಕಲಗೂಡಿನ ನಡುವಿನಂಥ ಒಳರಸ್ತೆಗಳಲ್ಲಿ ಟ್ರ್ಯಾಕ್ಟರ್ ಅಥವಾ ಲಾರಿಯ ಹಿಂದೆ ನಿಧಾನವಾಗಿ ಸಾಗುವ ಕಾರು ಮೇಲಿನ ಗೇರಿನಲ್ಲಿರುತ್ತದೆ. ಮುಂದಿನ ವಾಹನವನ್ನು ದಾಟಲು ಪೆಡಲ್ ಒತ್ತಿದಾಗ ಗೇರ್ ಇಳಿಯದಿದ್ದರೆ, ಕಾರು ಎದುರಿನ ಪಥದಲ್ಲಿ ಇರಬೇಕಾದ ಸಮಯ ಹೆಚ್ಚುತ್ತದೆ. ಆಗ ಲಿಂಕೇಜಿನ ದೋಷ ಸುರಕ್ಷತೆಯ ಪ್ರಶ್ನೆಯಾಗುತ್ತದೆ.

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಘಾಟಿ ಏರುವಾಗ ಕಿಕ್‌ಡೌನ್ ನೆರವಾಗುತ್ತದೆ, ಇಳಿಯುವಾಗ ನೆರವಾಗುವುದಿಲ್ಲ. ಇಳಿಜಾರಿನಲ್ಲಿ ಪೆಡಲಿನಿಂದ ಕಾಲು ತೆಗೆದೊಡನೆ ಥ್ರಾಟಲ್ ಒತ್ತಡ ಕುಸಿದು ಗೇರ್ ಮೇಲೇರುತ್ತದೆ, ಇಂಜಿನ್ನಿನ ತಡೆ ಕಡಿಮೆಯಾಗುತ್ತದೆ. ಆದ್ದರಿಂದ ಘಾಟಿ ಇಳಿಯುವಾಗ ಚಾಲಕನೇ ಲಿವರನ್ನು 2 ಅಥವಾ ಎಲ್ ಸ್ಥಾನಕ್ಕೆ ತರಬೇಕು. ಮಳೆಗಾಲದ ಒದ್ದೆ ರಸ್ತೆಯ ತಿರುವುಗಳಲ್ಲಿ ಹಠಾತ್ ಕಿಕ್‌ಡೌನ್ ಆದರೆ ಚಾಲನಾ ಚಕ್ರಗಳು ಜಾರುವ ಸಂಭವವೂ ಉಂಟು.

ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದು, ಅಲ್ಲಿನ ವಾಯುಒತ್ತಡ ಕರಾವಳಿಗಿಂತ ಸುಮಾರು ಶೇಕಡ 10ರಷ್ಟು ಕಡಿಮೆ. ಹಳೆಯ ಕಾರ್ಬ್ಯುರೇಟರ್ ಇಂಜಿನ್ನಿನ ಬಲವೂ ಬಹುತೇಕ ಅಷ್ಟೇ ಇಳಿಯುತ್ತದೆ. ಚಾಲಕನು ಪೆಡಲನ್ನು ಹೆಚ್ಚು ಒತ್ತಬೇಕಾಗುವುದರಿಂದ ಗೇರ್ ತಡವಾಗಿ ಏರುತ್ತದೆ, ಕಿಕ್‌ಡೌನ್ ಹೆಚ್ಚು ಬಾರಿ ಆಗುತ್ತದೆ. ಇದು ದೋಷವಲ್ಲ.

ಹೊಂದಾಣಿಕೆ ತಪ್ಪಿದ ಲಕ್ಷಣಗಳು

ಒತ್ತಡವನ್ನೂ ನಿಯಂತ್ರಿಸುವ ಲಿಂಕೇಜ್ ಸಡಿಲವಾಗಿದ್ದರೆ ಗೇರ್ ಬೇಗನೆ ಮತ್ತು ಮೆತ್ತಗೆ ಏರುತ್ತದೆ, ಬದಲಾವಣೆಯ ನಡುವೆ ಇಂಜಿನ್ ಬರಿದೆ ಮೊರೆಯುತ್ತದೆ, ಕಿಕ್‌ಡೌನ್ ಆಗುವುದಿಲ್ಲ. ತೈಲ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ಚುಗಳಿಗೆ ಹಾನಿಯಾಗಿರುವ ಸಾಧ್ಯತೆ ಇದೆ. ಲಿಂಕೇಜ್ ಅತಿ ಬಿಗಿಯಾಗಿದ್ದರೆ ಗೇರ್ ತಡವಾಗಿ, ಒದ್ದಂತೆ ಏರುತ್ತದೆ. ಪೆಡಲನ್ನು ಸ್ವಲ್ಪ ಒತ್ತಿದರೂ ಗೇರ್ ಇಳಿಯುತ್ತದೆ. ಕಾರ್ಬ್ಯುರೇಟರ್ ಬದಲಿಸಿದ ನಂತರ ಸನ್ನೆಯ ಅಳತೆ ಬೇರೆಯಾಗಿ ಇಂಥ ತೊಂದರೆ ಹುಟ್ಟುವುದು ಸಾಮಾನ್ಯ.

ಪರಿಶೀಲನೆಯ ಕ್ರಮ

ಗೇರ್‌ಬಾಕ್ಸನ್ನು ಬಿಚ್ಚುವ ಮೊದಲು ಸುಲಭವಾದ ಪರೀಕ್ಷೆಗಳನ್ನು ಮಾಡುವುದು ಸೂಕ್ತ. ಮೊದಲು ತಯಾರಕರು ಸೂಚಿಸಿದ ಸ್ಥಿತಿಯಲ್ಲಿ ತೈಲದ ಮಟ್ಟ ನೋಡಬೇಕು. ಬಳಿಕ ಇಂಜಿನ್ ನಿಲ್ಲಿಸಿ, ಒಬ್ಬರು ಪೆಡಲನ್ನು ಪೂರ್ತಿ ತುಳಿದಾಗ ಥ್ರಾಟಲ್ ಪೂರ್ತಿ ತೆರೆಯುತ್ತದೆಯೇ ಎಂದು ಇನ್ನೊಬ್ಬರು ನೋಡಬೇಕು. ದಪ್ಪ ಕಾರ್ಪೆಟ್ ಅಡ್ಡ ಬಂದರೂ ಕಿಕ್‌ಡೌನ್ ತಪ್ಪುತ್ತದೆ. ಅದೇ ಕ್ಷಣದಲ್ಲಿ ಲಿಂಕೇಜ್ ತನ್ನ ಕೊನೆಯ ಹಂತ ತಲುಪಿರಬೇಕು, ಪೆಡಲ್ ಬಿಟ್ಟಾಗ ತಡೆಯಿಲ್ಲದೆ ಮರಳಬೇಕು. ಮಾಡ್ಯುಲೇಟರ್ ಇರುವ ಮಾದರಿಗಳಲ್ಲಿ ನಿರ್ವಾತದ ಕೊಳವೆಯೊಳಗೆ ಗೇರ್ ತೈಲ ಕಂಡರೆ ಒಳಗಿನ ಪೊರೆ ಹರಿದಿದೆ ಎಂದರ್ಥ.

ವಿದ್ಯುನ್ಮಾನ ನಿಯಂತ್ರಣ

1980 ಮತ್ತು 1990ರ ದಶಕಗಳಲ್ಲಿ ಸಂವೇದಕಗಳು ಹಾಗೂ ಸೊಲೆನಾಯ್ಡ್ ಕವಾಟಗಳು ಲಿಂಕೇಜಿನ ಸ್ಥಾನವನ್ನು ಪಡೆದವು. 700ಆರ್4ರ ವಿದ್ಯುನ್ಮಾನ ರೂಪವಾದ 4ಎಲ್60-ಇ ಮಾದರಿಯಲ್ಲಿ ಥ್ರಾಟಲ್ ಕೇಬಲ್ ಇಲ್ಲ. ಭಾರತದಲ್ಲಿ 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಮೂಲಕ ಜನಪ್ರಿಯವಾದ ಎಎಂಟಿ ಗೇರ್‌ಬಾಕ್ಸ್‌ಗಳಲ್ಲಿಯೂ ಪೆಡಲಿನ ಸ್ಥಿತಿಯನ್ನು ಗಮನಿಸಿ ಗೇರ್ ಇಳಿಸುವುದು ಕಂಪ್ಯೂಟರ್. ಆದ್ದರಿಂದ ಇವುಗಳಲ್ಲಿ ಕಿಕ್‌ಡೌನ್ ತಪ್ಪಿದರೆ ಸರಳು ಅಥವಾ ಕೇಬಲ್ ಬಿಗಿಗೊಳಿಸಿ ಸರಿಪಡಿಸಲು ಸಾಧ್ಯವಿಲ್ಲ.